ವಿದೇಶಕ್ಕೆ ಬುತ್ತಿ: ರೆಡಿ ಪ್ಯಾಕೆಟ್ಟೋ, ಖಡಕ್ ರೊಟ್ಟಿಯೋ?

ಜರ್ಮನಿಯಲ್ಲಿರುವ ಮಗನ ಮನೆಗೆ ಹೊರಟಾಗ ನಮ್ಮಲ್ಲಿ ಎರಡು ಪಕ್ಷವಾಯಿತು. ನಮ್ಮ ಯಜಮಾನರು ರೆಡಿ ಟು ಈಟ್ ಪ್ಯಾಕೆಟ್ ಕಡೆ, ನಾನು ಜೋಳದ ಖಡಕ್ ರೊಟ್ಟಿ, ಚಟ್ನಿಪುಡಿ ಕಡೆ. ಕೊನೆಗೆ ಎರಡೂ ಸೂಟ್‌ಕೇಸ್ ಸೇರಿದವು, ಎರಡನ್ನೂ ಅಲ್ಲಿ ಉಂಡು ನೋಡಿದೆವು. ಗೆದ್ದಿದ್ದು ರೊಟ್ಟಿ. ಈ ಮಾತಿಗೆ ಈಗ ಯಜಮಾನರದ್ದೂ ತಕರಾರಿಲ್ಲ.

ಮಕ್ಕಳ ಮನೆಯಲ್ಲಿದ್ದಷ್ಟು ದಿನ ಊಟದ ಚಿಂತೆಯೇ ಇರುವುದಿಲ್ಲ. ಅಕ್ಕಿ, ತೊಗರಿಬೇಳೆ, ಜೀರಿಗೆ ಎಲ್ಲ ಅಲ್ಲಿನ ಇಂಡಿಯನ್ ಅಂಗಡಿ, ಟರ್ಕಿಯವರ ಅಂಗಡಿಗಳಲ್ಲಿ ಸಿಗುತ್ತವೆ. ಬುತ್ತಿ ಬೇಕಾಗುವುದು ಅಲ್ಲಿಂದ ವಿಯೆನ್ನಾ, ಪ್ರಾಗ್ ಅಂತ ರೈಲು ಹತ್ತಿ ತಿರುಗಲು ಹೊರಟಾಗ. ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೂರು ಹೊತ್ತೂ ಬ್ರೆಡ್ಡು ಚೀಸು ತಿನ್ನಲು ಆಗದು, ಹೊತ್ತೊತ್ತಿಗೆ ಹೋಟೆಲಿನಲ್ಲಿ ಉಣ್ಣಲು ಪಿಂಚಣಿ ಸಾಲದು. ಅದಕ್ಕೇ ಈ ಹೋಲಿಕೆ.

ಪ್ಯಾಕೆಟ್ಟಿನ ರುಚಿಯ ಬಗ್ಗೆ ನನ್ನ ದೂರಿಲ್ಲ. ರಾಜ್ಮಾ, ಬಿಸಿಬೇಳೆಬಾತ್ ಎರಡೂ ಚೆನ್ನಾಗಿಯೇ ಇದ್ದವು. ದೂರು ಇರುವುದು ಬಿಸಿ ಮಾಡುವುದರ ಬಗ್ಗೆ.

ಪ್ಯಾಕೆಟ್ ಮೇಲೆ ಬರೆದಿರುವುದು ಇಷ್ಟೇ: ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಡಿ, ಇಲ್ಲವೇ ಬಟ್ಟಲಿಗೆ ಸುರಿದು ಮೈಕ್ರೋವೇವ್‌ನಲ್ಲಿಡಿ. ದಾವಣಗೆರೆಯ ಅಡುಗೆಮನೆಯಲ್ಲಿ ನಿಂತು ಓದುವಾಗ ಇದೊಂದು ಕೆಲಸ ಅಂತಲೇ ಅನ್ನಿಸದು. ಯುರೋಪಿನ ಎಷ್ಟೋ ಹೋಟೆಲ್ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ಲೇ ಇರುವುದಿಲ್ಲ. ನಮ್ಮ ದೇಶದಲ್ಲಿ ಸಾಧಾರಣ ಲಾಡ್ಜಿನಲ್ಲೂ ಕೇಳಿದರೆ ಹುಡುಗ ಒಂದು ಜಗ್ ಬಿಸಿನೀರು ತಂದಿಡುತ್ತಾನೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಸ್ವಾಗತದ ಮೇಜಿನ ಬಳಿ ಯಾರೂ ಇರಲಿಲ್ಲ. ಬಾಗಿಲಿಗೆ ಕೋಡ್ ಕೊಟ್ಟು ಮನೆಗೆ ಹೋಗಿದ್ದರು.

ಕೈತೊಳೆಯುವ ಬೇಸಿನ್ನಿನಲ್ಲಿ ಬಿಸಿನೀರು ತುಂಬಿಸಿ ಪ್ಯಾಕೆಟ್ ಮುಳುಗಿಸಿಟ್ಟೆವು. ನೀರು ಆರಿದಂತೆ ಬದಲಾಯಿಸಿದೆವು. ಮತ್ತೆ ಆರಿತು, ಮತ್ತೆ ಬದಲಾಯಿಸಿದೆವು. ನಲ್ಲಿಯ ನೀರು ಎಷ್ಟು ಸುಟ್ಟರೂ ಕುದಿಯುವ ನೀರಿನ ಸಮ ಅಲ್ಲ. ಅಂಚಿನಲ್ಲಿ ಬೆಚ್ಚಗಾದ ಬಾತು ನಡುವೆ ತಣ್ಣಗಿತ್ತು, ಎಣ್ಣೆ ಅಲ್ಲಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ಹಾಗೆಯೇ ತಿಂದರೂ ಅಪಾಯವಿಲ್ಲ. ಮೊಹರು ಮಾಡಿದ ಮೇಲೆ ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಂದಿರುತ್ತಾರೆ, ಫ್ರಿಜ್ ಇಲ್ಲದೆಯೂ ಅದು ಉಳಿಯುವುದು ಆ ಕಾರಣಕ್ಕೇ. ಆದರೆ ದಿನವಿಡೀ ಚಳಿಯಲ್ಲಿ ನಡೆದು ಬಂದವರ ಹೊಟ್ಟೆ ಕೇಳುವುದು ತಣ್ಣನೆಯ ಬಿಸಿಬೇಳೆಬಾತನ್ನಲ್ಲ.

ಮರುದಿನ ಇನ್ನೊಂದು ಊರು. ಅಲ್ಲಿ ಕೆಟಲ್ ಇತ್ತು. ಇನ್ನೊಬ್ಬರೂ ಚಹಾಕ್ಕೆ ನೀರು ಕಾಯಿಸುವ ಪಾತ್ರೆಯೊಳಗೆ ಪ್ಯಾಕೆಟ್ ತುರುಕಲು ನನಗೆ ಮನಸ್ಸು ಬರಲಿಲ್ಲ. ಬಾತ್ ಪ್ಯಾಕೆಟ್ ಮುಗಿದು ಉಳಿದಿದ್ದು ರಾಜ್ಮಾ, ದಾಲ್ ಮಾತ್ರ. ಅವನ್ನು ಕಲಸಿಕೊಳ್ಳಲು ಅನ್ನ ಎಲ್ಲಿಂದ ತರುವುದು? ಉಂಡ ಮೇಲೆ ಮಸಾಲೆ ಮೆತ್ತಿದ ಖಾಲಿ ಪೊಟ್ಟಣ ಕೋಣೆಯ ಪುಟ್ಟ ಕಸದ ಡಬ್ಬಿಯಲ್ಲಿ ಬೆಳಗಿನ ತನಕ ಘಮಘಮಿಸುತ್ತದೆ, ಕಿಟಕಿ ತೆರೆದರೆ ಚಳಿ.

ಊರಿನಿಂದಲೇ ಸಣ್ಣ ಕೆಟಲ್ ಒಯ್ಯಬಹುದಲ್ಲ ಅಂತ ಕೇಳಬಹುದು. ಒಯ್ಯಬಹುದು. ಅಲ್ಲೂ ನಮ್ಮಂತೆಯೇ 230 ವೋಲ್ಟ್, ನಮ್ಮ ಮೂರು ಪಿನ್ನಿಗೆ ಅಡಾಪ್ಟರ್ ಇದ್ದರಾಯಿತು. ಆದರೆ ಕೋಣೆಯಲ್ಲಿ ಅಡುಗೆ ಕೂಡದು ಅಂತ ಬಹಳಷ್ಟು ಹೋಟೆಲುಗಳ ನಿಯಮ, ತಲೆಯ ಮೇಲೆ ಹೊಗೆ ಪತ್ತೆ ಮಾಡುವ ಯಂತ್ರ. ಊಟಕ್ಕೆ ಪ್ಯಾಕೆಟ್ಟು, ಪ್ಯಾಕೆಟ್ಟಿಗೆ ಕೆಟಲ್ಲು, ಕೆಟಲ್ಲಿಗೆ ಅಡಾಪ್ಟರ್: ಹೀಗೆ ಸಾಮಾನು ಬೆಳೆಯುತ್ತಲೇ ಹೋಗುತ್ತದೆ. ಒಲೆ ಇರುವ ಮಗನ ಮನೆಯಲ್ಲಿ ಪ್ಯಾಕೆಟ್ ಬೇಕಾಗಲಿಲ್ಲ, ಪ್ಯಾಕೆಟ್ ಬೇಕಾದ ಕಡೆ ಒಲೆ ಇರಲಿಲ್ಲ. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯಿತು.

ತೂಕದ ಲೆಕ್ಕವೂ ಪ್ಯಾಕೆಟ್ ಪರವಾಗಿಲ್ಲ. ಒಂದು ಸುಮಾರು 300 ಗ್ರಾಂ, ಹತ್ತಕ್ಕೆ ಮೂರು ಕಿಲೋ. ಅದರಲ್ಲಿ ಬಹುಪಾಲು ನೀರು. ನಮ್ಮ ಟಿಕೆಟ್ಟಿಗೆ ತಲಾ 23 ಕಿಲೋ ಮಿತಿ, ಅದರಲ್ಲಿ ನೀರು ಹೊತ್ತೊಯ್ಯಲು ನಾನು ತಯಾರಿಲ್ಲ.

ಇನ್ನು ರೊಟ್ಟಿ. ಜೋಳದ ಹಿಟ್ಟು, ನೀರು, ಬೆಂಕಿ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಎಣ್ಣೆ ಇಲ್ಲದ್ದರಿಂದ ಕಮಟು ವಾಸನೆ ಬರುವುದಿಲ್ಲ, ತೇವ ಇಲ್ಲದ್ದರಿಂದ ಬೂಸಲು ಹಿಡಿಯುವುದಿಲ್ಲ. ತಿನ್ನಲು ಬಿಸಿಯೂ ಬೇಡ. ನಮ್ಮ ಓಣಿಯ ಹತ್ತಿರ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ ಮೊದಲೇ ಹೇಳಿ, ಬಿಸಿ ಇದ್ದಾಗಲೇ ನಾಲ್ಕು ಮಡಿಕೆ ಮಾಡಿ ಒಣಗಿಸಿಕೊಡಿ ಅಂದೆ. ಇಡೀ ರೊಟ್ಟಿ ಸೂಟ್‌ಕೇಸಿನಲ್ಲಿ ಪುಡಿಯಾಗುತ್ತದೆ, ಮಡಿಚಿದ್ದು ಚೌಕ ಡಬ್ಬಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಂದು ಪ್ಯಾಕೆಟ್ಟಿನ ದುಡ್ಡಿಗೆ ಹತ್ತಕ್ಕೂ ಹೆಚ್ಚು ರೊಟ್ಟಿ ಬಂದವು.

ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಮೂರಕ್ಕೂ ಒಣಕೊಬ್ಬರಿ ಹಾಕದೆ, ಕರಿಬೇವನ್ನು ಗರಿಗರಿಯಾಗಿ ಹುರಿದು ಕುಟ್ಟಿದ್ದೆ. ಅಲ್ಲಿ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಸಾದಾ ಗಟ್ಟಿ ಮೊಸರು, ಸೌತೆಕಾಯಿ, ಈರುಳ್ಳಿ ಸಿಗುತ್ತದೆ. ಮೊಸರಿಗೆ ಗುರೆಳ್ಳು ಪುಡಿ ಕಲಸಿ, ರೊಟ್ಟಿ ಮುರಿದು ಅದ್ದಿಕೊಂಡು, ಈರುಳ್ಳಿ ಕಚ್ಚಿಕೊಂಡು ಉಂಡರೆ ಅದು ಪೂರ್ತಿ ಊಟ. ರೈಲಿನಲ್ಲಿ ಉಂಡೆವು, ಪಾರ್ಕಿನ ಬೆಂಚಿನ ಮೇಲೆ ಉಂಡೆವು. ಭಾನುವಾರ ಇನ್ನೂ ಉಪಕಾರವಾಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂದು ದೊಡ್ಡ ರೈಲು ನಿಲ್ದಾಣದ ಅಂಗಡಿಗಳಂಥವು ಬಿಟ್ಟರೆ ಸೂಪರ್ ಮಾರ್ಕೆಟ್ ಬಾಗಿಲು ಹಾಕಿರುತ್ತದೆ. ಶನಿವಾರವೇ ಮೊಸರು ತಂದಿಟ್ಟುಕೊಳ್ಳಬೇಕು, ಅಷ್ಟೇ.

ರೊಟ್ಟಿಯ ಕೊರತೆ ಹಲ್ಲಿನದು. ಹಲ್ಲು ಗಟ್ಟಿ ಇಲ್ಲದವರು ಮೊಸರಿನಲ್ಲಿ ನೆನೆಹಾಕಿಕೊಂಡೇ ತಿನ್ನಬೇಕು. ಅಂಥವರಿಗೆ ತೆಳು ಅವಲಕ್ಕಿಯೇ ಮೇಲು. ಅದಕ್ಕೂ ಬೆಂಕಿ ಬೇಡ, ಮೊಸರಿನಲ್ಲಿ ಕ್ಷಣದಲ್ಲಿ ಮೆತ್ತಗಾಗುತ್ತದೆ. ನನ್ನ ಎರಡನೆಯ ಆಯ್ಕೆ ಅದು.

ದಾವಣಗೆರೆಯಿಂದ ಹೊರಟು ಮಂಡಕ್ಕಿ ಒಯ್ಯದಿರುವುದು ಹೇಗೆ? ಮಂಡಕ್ಕಿಗೆ ತೂಕವಿಲ್ಲ, ಆದರೆ ಅರ್ಧ ಸೂಟ್‌ಕೇಸ್ ನುಂಗುತ್ತದೆ, ಒಗ್ಗರಣೆ ಹಾಕಿದ್ದು ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಬರೀ ಮಂಡಕ್ಕಿಯನ್ನು ಸಣ್ಣ ಸಣ್ಣ ಕವರುಗಳಲ್ಲಿ ಕಟ್ಟಿ ರೊಟ್ಟಿ ಡಬ್ಬಿಯ ಒಳಗೆ, ಸಂದಿ ಇದ್ದಲ್ಲೆಲ್ಲ ಇಟ್ಟೆ. ರೊಟ್ಟಿ ಅಲುಗಾಡಲಿಲ್ಲ, ಮಗನಿಗೆ ಅವನ ಮನೆಯಲ್ಲೇ ಖಾರ ಮಂಡಕ್ಕಿ ಮಾಡಿಕೊಟ್ಟೆ.

ಯುರೋಪ್ ಒಕ್ಕೂಟದ ನಿಯಮ ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಹೊರಡುವ ಮುಂಚೆ ತಿಳಿದಿರಲೇಬೇಕು. ಹೊರಗಿನ ದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಮಗ ಕೇಳಿದ್ದ ಬೆಣ್ಣೆ, ಮನೆಯ ತುಪ್ಪ, ಪೇಡ ಎಲ್ಲ ಇಲ್ಲೇ ಉಳಿದವು. ಮೊಸರು ಮೆಣಸಿನಕಾಯಿಯನ್ನೂ ಬಿಟ್ಟೆ. ಪನೀರ್ ಇರುವ ರೆಡಿ ಪ್ಯಾಕೆಟ್ಟುಗಳನ್ನೂ ಇದೇ ಕಾರಣಕ್ಕೆ ತೆಗೆದಿಟ್ಟೆ, ಯಜಮಾನರ ಪಕ್ಷಕ್ಕೆ ಅಲ್ಲೇ ಮೊದಲ ಪೆಟ್ಟು. ಹಸಿ ತರಕಾರಿ, ಹಣ್ಣು, ಹಸಿ ಕರಿಬೇವು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಒಯ್ಯುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಒಣಕೊಬ್ಬರಿಯನ್ನು ವಿಮಾನದಲ್ಲೇ ಬಿಡುವುದಿಲ್ಲ, ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ. ದುಬೈ ಕಡೆ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಿ, ಅಲ್ಲಿ ಅದು ನಿಷಿದ್ಧ.

ಪುಡಿಗಳನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಬೆಳ್ಳುಳ್ಳಿ ಹಾಕಿದ್ದರೆ ಎರಡು ಕವರ್.

ಮಕ್ಕಳ ಮನೆ ಬಿಟ್ಟು ಎಲ್ಲೂ ಹೋಗದವರು ಪುಡಿಗಳನ್ನಷ್ಟೇ ಒಯ್ದರೆ ಸಾಕು. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವವರಿಗೆ, ಹಗಲೆಲ್ಲ ತಿರುಗಿ ಬಂದು ಬೇಯಿಸಲು ಕೈಲಾಗದ ರಾತ್ರಿಗೆ, ಪ್ಯಾಕೆಟ್ ಉಪಯೋಗಕ್ಕೆ ಬಂದೀತು. ನಮ್ಮಂತೆ ಅಗ್ಗದ ಕೋಣೆ ಹಿಡಿದು ದಿನಕ್ಕೊಂದು ಊರು ನೋಡುವವರು ರೊಟ್ಟಿ ಕಟ್ಟಿಕೊಳ್ಳಿ. ಹೊರಡುವ ವಾರದಲ್ಲೇ ಬಡಿಸಿ, ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ.