ಒಂದೇ ಕುಂಡಕ್ಕೆ ಜಾಗ: ದೊಡ್ಡಪತ್ರೆಯೋ, ತುಳಸಿಯೋ?

ಕೆಮ್ಮು, ನೆಗಡಿಗೆಂದು ಒಂದೇ ಗಿಡ ಇಡುವುದಾದರೆ ನನ್ನ ಮತ ದೊಡ್ಡಪತ್ರೆಗೆ. ಒಂದು ಕಡ್ಡಿ ಮುರಿದು ನೆಟ್ಟರೆ ಸಾಕು, ಚಿಗುರುತ್ತದೆ. ಅರೆನೆರಳಲ್ಲೂ ಬದುಕುತ್ತದೆ; ನೀರು ಜಾಸ್ತಿಯಾದರೆ ಮಾತ್ರ ಬುಡ ಕೊಳೆಯುತ್ತದೆ. ದಪ್ಪ ಎಲೆಯನ್ನು ಕಾವಲಿ ಮೇಲೆ ಬಾಡಿಸಿ ಹಿಂಡಿ ನೋಡಿ, ಓಮದಂಥ ಘಾಟು ಅಡುಗೆಮನೆಗೆಲ್ಲ ಹರಡುತ್ತದೆ. ಆ ರಸಕ್ಕೆ ಜೇನು ಬೆರೆಸಿ ಒಂದು ಚಮಚ ಕೊಡುವುದು ನಮ್ಮ ಮನೆಯ ರೂಢಿ. ಕೆಮ್ಮಿಲ್ಲದ ದಿನ ತಂಬುಳಿ, ಬಜ್ಜಿ.

ತುಳಸಿಗೆ ಒಳ್ಳೆ ಬಿಸಿಲು ಬೇಕು, ಕದಿರು ಚಿವುಟುತ್ತಿರಬೇಕು. ಆದರೆ ಶುಂಠಿ, ಮೆಣಸಿನ ಕಷಾಯಕ್ಕೆ ತುಳಸಿಯೇ ಚೆಂದ, ಅಲ್ವಾ?

ಎರಡೂ ಗಂಟಲಿಗೆ ಹಿತ, ಅಷ್ಟೆ. 1 ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಉಸಿರಾಟಕ್ಕೆ ಕಷ್ಟವಾದರೆ, ಜ್ವರ ಇಳಿಯದಿದ್ದರೆ ಸುಮ್ನೆ ಎಲೆ ಹಿಂಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.