ದ ಲಾಂಗ್ ಡಾರ್ಕ್: ಲೆವೆಲ್ ಬದಲಾದರೆ ಲೆಕ್ಕವೇ ಬೇರೆ

ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊ ಹಿಮದ ಕಾಡಿನಲ್ಲಿ ಬದುಕುಳಿಯುವ ಈ ಗೇಮನ್ನು 2014ರ ಸೆಪ್ಟೆಂಬರಿನಲ್ಲಿ ಸ್ಟೀಮ್‌ನ ಅರ್ಲಿ ಆ್ಯಕ್ಸೆಸ್‌ಗೆ, ಅಂದರೆ ಪೂರ್ತಿಯಾಗುವ ಮೊದಲೇ ಆಡಲು, ಬಿಟ್ಟಿತು. ಪೂರ್ತಿ ಆವೃತ್ತಿ ಬಂದದ್ದು 2017ರ ಆಗಸ್ಟ್ 1ರಂದು. ಅಲ್ಲಿಂದ ಇಲ್ಲಿಯವರೆಗೆ ಅಪ್‌ಡೇಟ್‌ಗಳು ಬರುತ್ತಲೇ ಇವೆ; ಹಾಗಾಗಿ ನೆಟ್‌ನಲ್ಲಿ ಸಿಗುವ ಹಳೇ ಗೈಡ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಇಲ್ಲಿ ಬರೆಯುತ್ತಿರುವುದು ಕಥೆಯಿಲ್ಲದೆ ಸಾಯುವವರೆಗೆ ಬದುಕಿ ಉಳಿಯಬೇಕಾದ ಸರ್ವೈವಲ್ ಮೋಡ್ ಬಗ್ಗೆ ಮಾತ್ರ. ವಿಂಟರ್‌ಮ್ಯೂಟ್ ಅನ್ನುವ ಕಥೆಯ ಭಾಗವೂ ಇದೆ. ಅದರ ಮೂರನೇ ಎಪಿಸೋಡ್ 2019ರಲ್ಲಿ, ನಾಲ್ಕನೆಯದು 2021ರಲ್ಲಿ ಬಂತು ಅಂದರೆ ಅದರ ವೇಗ ನಿಮಗೇ ಗೊತ್ತಾಗುತ್ತದೆ. ಬರೀ ಕಥೆಗಾಗಿ ಈ ಗೇಮ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಜಾಗ ಗ್ರೇಟ್ ಬೇರ್ ಐಲ್ಯಾಂಡ್, ಉತ್ತರ ಕೆನಡಾದ ಒಂದು ಕಾಲ್ಪನಿಕ ದ್ವೀಪ. ಜೊಂಬಿಗಳಿಲ್ಲ, ಬಂದೂಕು ಹಿಡಿದ ಶತ್ರುಗಳಿಲ್ಲ. ಚಳಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಮೀಟರ್‌ಗಳು, ಅವುಗಳ ಮೇಲೆ ಕಂಡೀಷನ್ ಎಂಬ ನೂರರ ಲೆಕ್ಕ. ಕಂಡೀಷನ್ ಸೊನ್ನೆಗಿಳಿದರೆ ಆಟ ಮುಗಿಯಿತು, ಸೇವ್ ಫೈಲೂ ಹೋಯಿತು. ಚೀಟ್ ಡೆತ್ ಅನ್ನುವ ಒಂದು ಬಚಾವಿನ ದಾರಿ ಆಮೇಲೆ ಸೇರಿಸಿದ್ದಾರೆ, ಆದರೆ ಅದನ್ನು ನೆಚ್ಚಿಕೊಂಡು ಆಡಿದರೆ ಈ ಗೇಮಿನ ರುಚಿ ಸಿಗುವುದಿಲ್ಲ.

ಇದರಲ್ಲಿರುವ ಲೆವೆಲ್‌ಗಳು ಒಂದೇ ಆಟದ ಸುಲಭ ರೂಪ, ಕಷ್ಟ ರೂಪ ಅಲ್ಲ. ಪ್ರತಿ ಲೆವೆಲ್‌ನಲ್ಲೂ ಅಭಾವ ಇರುವ ವಸ್ತು ಬೇರೆ. ಎಲ್ಲಕ್ಕಿಂತ ಸುಲಭದ ಪಿಲ್‌ಗ್ರಿಮ್‌ನಲ್ಲಿ ಯಾವುದಕ್ಕೂ ಬರವಿಲ್ಲ, ತೋಳಗಳೂ ನಿಮ್ಮನ್ನು ಕಂಡು ಓಡುತ್ತವೆ. ನಕ್ಷೆ ಕಲಿಯಲು ಒಳ್ಳೆಯದು, ಅಷ್ಟೇ. ವೊಯೇಜರ್‌ನಲ್ಲಿ ಸಾಮಾನು ಧಾರಾಳ, ರೈಫಲ್ ಸಿಗುತ್ತದೆ. ಕೊರತೆ ಬೀಳುವುದು ಹಗಲಿನ ಹೊತ್ತು. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಗೇಮಿನ ಒಂದು ದಿನವೆಂದರೆ ನಿಮ್ಮ ಎರಡು ಗಂಟೆ. ಕತ್ತಲಾಗುವ ಮೊದಲು ಎಲ್ಲಿ ತಲುಪಬಹುದು ಅನ್ನುವ ಅಂದಾಜು ಇಲ್ಲದಿದ್ದರೆ ಹಿಮಬಿರುಗಾಳಿಯಲ್ಲಿ ಸಿಕ್ಕಿಬೀಳುತ್ತೀರಿ. ಸ್ಟಾಕರ್‌ನಲ್ಲಿ ತೋಳಗಳ ಕಾಟ ವಿಪರೀತ, ಅಲ್ಲಿ ಪ್ರಾಣ ಉಳಿಸುವುದು ಮದ್ದುಗುಂಡು. ಇಂಟರ್‌ಲೋಪರ್‌ನಲ್ಲಿ ಬಂದೂಕೇ ಇಲ್ಲ. ಸಿದ್ಧವಾದ ಚಾಕು, ಕೊಡಲಿಯೂ ಎಲ್ಲೂ ಬಿದ್ದಿರುವುದಿಲ್ಲ. ದಿನ ಕಳೆದಂತೆ ಇಡೀ ದ್ವೀಪ ಮತ್ತಷ್ಟು ತಣ್ಣಗಾಗುತ್ತಾ ಹೋಗುತ್ತದೆ.

ಎಲ್ಲರೂ ವೊಯೇಜರ್ ಮುಗಿಸಿ ಸ್ಟಾಕರ್‌ಗೆ, ಅಲ್ಲಿಂದ ಇಂಟರ್‌ಲೋಪರ್‌ಗೆ ಅಂತ ಮೆಟ್ಟಿಲು ಹತ್ತುತ್ತಾರೆ. ನನ್ನ ಪ್ರಕಾರ ನಡುವಿನ ಮೆಟ್ಟಿಲು ಬೇಡ. ತೋಳ ಬಂದರೆ ಗುಂಡು ಹೊಡಿ ಅನ್ನುವುದು ಸ್ಟಾಕರ್ ಕಲಿಸುವ ಅಭ್ಯಾಸ, ಇಂಟರ್‌ಲೋಪರ್‌ನಲ್ಲಿ ಮೊದಲ ವಾರವೇ ಕೊಲ್ಲುವುದು ಅದೇ.

ತೋಳದ ವಿಷಯವೇ ಮೊದಲು ಹೇಳಿಬಿಡುತ್ತೇನೆ. ಹಸಿ ಮಾಂಸ, ಕರುಳು, ಚರ್ಮ ಹೊತ್ತುಕೊಂಡರೆ ಸ್ಕ್ರೀನಿನ ಮೇಲೆ ವಾಸನೆಯ ಗೆರೆ ಕಾಣಿಸುತ್ತದೆ, ಒಂದರಿಂದ ಮೂರರವರೆಗೆ. ಮೂರು ಗೆರೆ ಇಟ್ಟುಕೊಂಡು ಬಯಲು ದಾಟುವುದೆಂದರೆ ತೋಳಕ್ಕೆ ಊಟಕ್ಕೆ ಕರೆ ಕೊಟ್ಟ ಹಾಗೆ. ತೋಳ ಮೊದಲು ಬೊಗಳುತ್ತದೆ, ಆಮೇಲೆ ತಲೆ ತಗ್ಗಿಸಿ ಹಿಂಬಾಲಿಸುತ್ತದೆ. ಬೊಗಳಿದ ಕೂಡಲೇ ಒಂದು ತುಂಡು ಮಾಂಸ ಕೆಳಗೆ ಹಾಕಿ ಹಿಂದೆ ಸರಿದರೆ ಎಷ್ಟೋ ಸಲ ಅದಕ್ಕೇ ಬಾಯಿ ಹಾಕುತ್ತದೆ. ಓಡಿದರೆ ಕೆಟ್ಟಿರಿ. ಉರಿಯುವ ಪಂಜು ಕೈಯಲ್ಲಿದ್ದರೆ ಬೇಗ ನುಗ್ಗುವುದಿಲ್ಲ, ಹತ್ತಿರ ಬಂದರೆ ಅದರ ಮುಂದೆ ಎಸೆಯಿರಿ. ಬೆಂಕಿ ಹಾಕಿಕೊಂಡು ಅದರ ಹಿಂದೆ ನಿಲ್ಲುವುದು ಎಲ್ಲಕ್ಕಿಂತ ಕ್ಷೇಮ. ಇದನ್ನೇ ತಿರುಗಿಸಿ ಬಳಸಲೂಬಹುದು: ತೋಳ ಜಿಂಕೆಯನ್ನು ಕೊಲ್ಲುವವರೆಗೆ ದೂರದಲ್ಲಿ ಕಾದು, ಆಮೇಲೆ ಪಂಜಿನಿಂದ ಅದನ್ನು ಓಡಿಸಿ ಜಿಂಕೆ ನಿಮ್ಮದಾಗಿಸಿಕೊಳ್ಳಿ. ಬಿಲ್ಲು ಸಿದ್ಧವಾಗುವವರೆಗೆ ದೊಡ್ಡ ಮಾಂಸ ಸಿಗುವ ದಾರಿ ಹೆಚ್ಚುಕಡಿಮೆ ಇದೊಂದೇ. ಬ್ಲೀಕ್ ಇನ್ಲೆಟ್ ಪ್ರದೇಶದ ಬೇರೆ ಜಾತಿಯ ತೋಳಗಳಾದ ಟಿಂಬರ್‌ವುಲ್ಫ್‌ಗಳಿಗೆ ಈ ಆಟ ನಡೆಯುವುದಿಲ್ಲ. ಅವು ಗುಂಪಾಗಿ ಬರುತ್ತವೆ, ಗುಂಪಿನ ಧೈರ್ಯಕ್ಕೇ ಒಂದು ಮೀಟರ್ ಇದೆ. ಅದು ಕುಸಿಯುವವರೆಗೆ ಬಿಡುವುದಿಲ್ಲ.

ಬೆಂಕಿಯ ಲೆಕ್ಕ ಗೊತ್ತಿಲ್ಲದೆ ಇಂಟರ್‌ಲೋಪರ್ ಮುಟ್ಟಬೇಡಿ. ಸೀಡರ್ ಕೊರಡು ಒಂದು ಗಂಟೆ ಉರಿಯುತ್ತದೆ, ಫರ್ ಮರದ್ದು ಒಂದೂವರೆ ಗಂಟೆ, ಪೀಠೋಪಕರಣ ಒಡೆದು ತೆಗೆದ ಮರ ಅರ್ಧ ಗಂಟೆ. ಕಲ್ಲಿದ್ದಲು ಒಂದು ಗಂಟೆ ಉರಿದು ಬೆಂಕಿಯ ಶಾಖಕ್ಕೆ 20 ಡಿಗ್ರಿ ಸೇರಿಸುತ್ತದೆ, ಆದರೆ ಹೊತ್ತಿಸಿದ ತಕ್ಷಣ ಹಾಕಲು ಬಿಡುವುದಿಲ್ಲ, ಬೆಂಕಿ ಸ್ವಲ್ಪ ಹಿಡಿದಿರಬೇಕು. ಒಲೆಯಲ್ಲಿ 12 ಗಂಟೆಗಿಂತ ಹೆಚ್ಚಿಗೆ ತುಂಬಲು ಆಗುವುದಿಲ್ಲ. ಬೆಂಕಿ ಹಚ್ಚುವ ಕೌಶಲ ಮೂರನೇ ಹಂತ ಮುಟ್ಟಿದರೆ ಹೊತ್ತಿಸಲು ಕಾಗದದ ಚೂರು, ಜೊಂಡಿನ ತಲೆ ಇತ್ಯಾದಿ ಬೇಕಿಲ್ಲ. ಅಲ್ಲಿಯವರೆಗೆ ಅವನ್ನು ಎಸೆಯಬೇಡಿ.

ಬೆಂಕಿಕಡ್ಡಿ ಉಳಿಸುವ ಉಪಾಯ ಹೀಗೆ. ಉರಿಯುವ ಬೆಂಕಿಯಿಂದ ಪಂಜು ಎಳೆದುಕೊಳ್ಳಬಹುದು. ಪ್ರತಿ ಪಂಜಿಗೂ ಬೆಂಕಿಯ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ. ಹೊರಡುವ ಮೊದಲು ಎರಡು ಮೂರು ಎಳೆದು, ಒಂದನ್ನು ಉರಿಸಿಕೊಂಡು ನಡೆಯಿರಿ, ಉಳಿದವನ್ನು ಆರಿಸಿ ಚೀಲಕ್ಕೆ ಹಾಕಿ. ಕೈಯಲ್ಲಿರುವುದು ಮುಗಿಯುವಷ್ಟರಲ್ಲಿ ಮುಂದಿನ ಗುಹೆ ಸಿಕ್ಕರೆ ಅದರಿಂದಲೇ ಹೊಸ ಬೆಂಕಿ, ಕಡ್ಡಿ ಖರ್ಚಿಲ್ಲ. ಗಾಳಿ ಜೋರಿದ್ದರೆ ಪಂಜು ಆರಿಹೋಗುತ್ತದೆ, ಆ ದಿನ ಈ ಲೆಕ್ಕ ಬಿಡಿ. ಗುಹೆಯ ಬಾಯಲ್ಲಿ ಒಲೆ ಹೂಡಬೇಡಿ, ಗಾಳಿಯ ದಿಕ್ಕು ಬದಲಾದರೆ ನೀವು ಮಲಗಿರುವಾಗಲೇ ಆರುತ್ತದೆ. ಒಳಗಿನ ತುದಿಗೆ ಹೋಗಿ. ಭೂತಗನ್ನಡಿ ಸಿಕ್ಕರೆ ಚಿನ್ನ ಸಿಕ್ಕಂತೆ ಇಟ್ಟುಕೊಳ್ಳಿ, ಬಿಸಿಲಿರುವ ಹೊತ್ತಿನಲ್ಲಿ ಹೊರಗೆ ಎಷ್ಟು ಸಲ ಬೇಕಾದರೂ ಬೆಂಕಿ ಕೊಡುತ್ತದೆ. ಉರಿ ಉಳಿದಿದ್ದಾಗ ಸುಮ್ಮನೆ ಕೂರಬೇಡಿ, ಹಿಮ ಕರಗಿಸಿ ನೀರು ಕುದಿಸಿ. ಆದರೆ ಎರಡು ಲೀಟರಿಗಿಂತ ಹೆಚ್ಚು ಹೊರಬೇಡಿ, ಉಳಿದದ್ದನ್ನು ಆ ಮನೆಯಲ್ಲೇ ಇಟ್ಟುಹೋಗಿ.

ಇನ್ನು ಕುಲುಮೆ. ಇಂಟರ್‌ಲೋಪರ್‌ನ ಮೊದಲ ತಿಂಗಳು ಸುತ್ತುವುದೇ ಇದರ ಸುತ್ತ. ಬೇಕಾದ್ದು ದೊಡ್ಡ ಸುತ್ತಿಗೆ, ಗುಜರಿ ಕಬ್ಬಿಣ, ಬಟ್ಟೆ, ಕಲ್ಲಿದ್ದಲು. ಬೆಂಕಿ 150 ಡಿಗ್ರಿ ಮುಟ್ಟದೆ ಕೆಲಸ ಶುರುವಾಗುವುದಿಲ್ಲ, ಬರೀ ಸೌದೆಯಿಂದ ಅದು ಆಗದ ಮಾತು. ಏಳೆಂಟು ಕಲ್ಲಿದ್ದಲಿಗೆ ಶಾಖವೇನೋ ಏರುತ್ತದೆ, ಆದರೆ ಕೊಡಲಿ, ಚಾಕು, ಬಾಣದ ತುದಿ ಎಲ್ಲಾ ಮಾಡಲು ಗಂಟೆಗಟ್ಟಲೆ ಬೇಕು. ನಡುವೆ ಬೆಂಕಿ ಇಳಿದರೆ ಹೊರಗೆ ಹೋಗಿ ಮತ್ತೆ ಕಲ್ಲಿದ್ದಲು ತರಬೇಕು. ಹನ್ನೆರಡಕ್ಕಿಂತ ಕಡಿಮೆ ಇದ್ದರೆ ನಾನು ಹೊರಡುವುದೇ ಇಲ್ಲ. ಗುಹೆ, ಗಣಿಗಳಲ್ಲಿ ಹೊಸದಾಗಿ ಸಿಗುತ್ತಲೇ ಇರುತ್ತದೆ.

ದ್ವೀಪದ ಯಾವ ಪ್ರದೇಶದ ಕುಲುಮೆಗೆ ಹೋಗಬೇಕು? ಫರ್ಲಾರ್ನ್ ಮಸ್ಕೆಗ್ ಎಂಬ ಜೌಗು ಪ್ರದೇಶದಲ್ಲಿರುವ ಸ್ಪೆನ್ಸ್ ಕುಟುಂಬದ ಮನೆಯದು ಮಿಸ್ಟರಿ ಲೇಕ್‌ಗೆ ಹತ್ತಿರ, ಆದರೆ ದಾರಿಯುದ್ದಕ್ಕೂ ತೆಳು ಮಂಜುಗಡ್ಡೆ. ಕಾಲ ಕೆಳಗೆ ಬಿರುಕಿನ ಸದ್ದು ಕೇಳಿದರೆ ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ. ನೀರಿಗೆ ಬಿದ್ದರೆ ಬಟ್ಟೆಯೆಲ್ಲಾ ಒದ್ದೆ, ಆಮೇಲೆ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುವ ಹೈಪೋಥರ್ಮಿಯಾ. ಮನೆಗೋ ಸರಿಯಾದ ಗೋಡೆಯಿಲ್ಲ, ಬಿರುಗಾಳಿಯಿದ್ದರೆ ಚಳಿ ಒಳಗೇ ಬರುತ್ತದೆ. ಬ್ರೋಕನ್ ರೈಲ್‌ರೋಡ್‌ನ ಮೆಂಟೆನೆನ್ಸ್ ಯಾರ್ಡ್ ಕಟ್ಟಡದೊಳಗಿನದು, ನಿಶ್ಚಿಂತೆಯಿಂದ ಕೆಲಸ ಮಾಡಬಹುದು, ಆದರೆ ಅಲ್ಲಿಗೆ ಹೋಗಲು ಮಸ್ಕೆಗ್ ದಾಟಲೇಬೇಕು. ಡೆಸೊಲೇಷನ್ ಪಾಯಿಂಟ್‌ನಲ್ಲಿ ರೈಕನ್ ಎಂಬ ಹಳೇ ಹಡಗಿನೊಳಗೆ ಮೂರನೆಯದು. ಕೋಸ್ಟಲ್ ಹೈವೇ ಕಡೆ ಆಟ ಶುರುವಾದವರಿಗೆ ಅದೇ ಸರಿ. ಇಂಟರ್‌ಲೋಪರ್‌ನಲ್ಲಿ ಎಲ್ಲಿ ಶುರು ಅನ್ನುವುದನ್ನು ಗೇಮೇ ನಿರ್ಧರಿಸುವುದರಿಂದ ಮೂರರ ದಾರಿಯೂ ಗೊತ್ತಿರಬೇಕು.

ಬಿಲ್ಲಿಗೆ ಒಣಗಿದ ಮೇಪಲ್ ಕೋಲು ಒಂದು, ಒಣಗಿದ ಕರುಳು ಎರಡು. ಒಂದು ಬಾಣಕ್ಕೆ ಬರ್ಚ್ ಕೋಲಿನಿಂದ ಮಾಡಿದ ಕಡ್ಡಿ ಒಂದು, ತುದಿ ಒಂದು, ಕಾಗೆ ಗರಿ ಮೂರು. ಕರುಳು ಒಣಗಲು ಐದು ದಿನ, ಕೋಲುಗಳಿಗೆ ನಾಲ್ಕರಿಂದ ಆರು ದಿನ, ಕರಡಿ ಚರ್ಮಕ್ಕೆ ಹನ್ನೆರಡು. ಎಲ್ಲವನ್ನೂ ಮನೆಯೊಳಗೆ ನೆಲದ ಮೇಲೆ ಹರಡಬೇಕು, ಪೆಟ್ಟಿಗೆಗೆ ಹಾಕಿದರೆ ಎಷ್ಟು ದಿನವಾದರೂ ಹಸಿಯಾಗಿಯೇ ಇರುತ್ತದೆ. ಹೊಸಬರು ಎಡವುವುದು ಇಲ್ಲೇ. ಮೊದಲ ಮೊಲ ಸಿಕ್ಕ ದಿನವೇ ಕರುಳು ಹರಡಿ, ಕುಲುಮೆಯಿಂದ ವಾಪಸ್ ಬರುವ ಹೊತ್ತಿಗೆ ಸಿದ್ಧವಿರುತ್ತದೆ. ಮೊಲಕ್ಕೆ ಬಲೆ ಬೇಕಿಲ್ಲ, ಕಲ್ಲೆಸೆದರೆ ತಲೆ ತಿರುಗಿ ಬೀಳುತ್ತದೆ, ಓಡಿಹೋಗಿ ಹಿಡಿದುಕೊಳ್ಳಬೇಕು.

ಹಸಿವಿನ ಬಗ್ಗೆ ಎರಡು ಪಂಗಡಗಳಿವೆ, ಉಪವಾಸ ಮಾಡುವವರು ಮತ್ತು ಹೊಟ್ಟೆತುಂಬಾ ತಿನ್ನುವವರು. ಹೊಟ್ಟೆ ಸೊನ್ನೆಯಾದರೆ ಕಂಡೀಷನ್ ಗಂಟೆಗೆ ಸುಮಾರು ಒಂದರಂತೆ ಇಳಿಯುತ್ತದೆ, ಚಳಿಯ ಮೀಟರ್ ಸೊನ್ನೆಯಾದರೆ ಇಳಿಯುವ ವೇಗಕ್ಕೆ ಇದನ್ನು ಹೋಲಿಸಲೂ ಆಗದು. ಮಲಗಿದ್ದಾಗ ಖರ್ಚಾಗುವುದು ಗಂಟೆಗೆ 75 ಕ್ಯಾಲೊರಿ. ಹಾಗಾಗಿ ಹಗಲೆಲ್ಲಾ ಉಪವಾಸವಿದ್ದು, ರಾತ್ರಿ 750 ಕ್ಯಾಲೊರಿ ತಿಂದು ಹತ್ತು ಗಂಟೆ ಮಲಗಿದರೆ ಹಗಲು ಕಳೆದುಕೊಂಡದ್ದು ನಿದ್ದೆಯಲ್ಲಿ ವಾಪಸ್ ಬರುತ್ತದೆ ಅನ್ನುವುದು ಹಳೇ ಪಂಗಡದ ಲೆಕ್ಕ. ಇದನ್ನು ತಡೆಯಲೆಂದೇ ವೆಲ್ ಫೆಡ್ ಎಂಬ ಬಹುಮಾನ ಬಂತು: 72 ಗಂಟೆ ಹೊಟ್ಟೆ ಸೊನ್ನೆಗಿಳಿಯದಂತೆ ನೋಡಿಕೊಂಡರೆ 5 ಕೆಜಿ ಹೆಚ್ಚಿಗೆ ಹೊರಬಹುದು, ಕಂಡೀಷನ್‌ನ ಮಿತಿಯೂ ಐದು ಏರುತ್ತದೆ. ಮೂಲ ಮಿತಿ 30 ಕೆಜಿ ಇರುವಾಗ ಐದು ಕಡಿಮೆಯೇನಲ್ಲ. ಕುಲುಮೆಯ ಕೆಲಸ ಮುಗಿಯುವವರೆಗೆ ಉಪವಾಸ, ಬಿಲ್ಲು ಬಂದ ಮೇಲೆ ಹೊಟ್ಟೆತುಂಬಾ ಊಟ, ಇದು ನನ್ನ ಪದ್ಧತಿ. ದಾರಿ ಬುತ್ತಿಗೆ ಕೆರೆಯಂಚಿನ ಜೊಂಡಿನ ದಂಟು ಬಿಟ್ಟರೆ ಬೇರಿಲ್ಲ: ಒಂದಕ್ಕೆ 150 ಕ್ಯಾಲೊರಿ, ತೂಕ ಇಲ್ಲವೆನ್ನುವಷ್ಟು, ವಾಸನೆಯಿಲ್ಲ, ಕೆಡುವುದಿಲ್ಲ.

ತೋಳ, ಕರಡಿ ಮಾಂಸ ಬೇಯಿಸಿ ತಿಂದರೂ ಹೊಟ್ಟೆಹುಳದ ಅಪಾಯವಿದೆ, ತಿಂದಷ್ಟೂ ಅದು ಏರುತ್ತದೆ. ಹಿಡಿದರೆ ಹತ್ತು ದಿನ ಔಷಧ. ಅಡುಗೆ ಕೌಶಲ ಐದನೇ ಹಂತಕ್ಕೆ ಹೋದರೆ ಈ ಭಯ ಪೂರ್ತಿ ಹೋಗುತ್ತದೆ. ಅದಕ್ಕೇ ಮಾಂಸವನ್ನು ದೊಡ್ಡ ತುಂಡು ಮಾಡದೆ ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ ಬೇಯಿಸುತ್ತಾರೆ, ಪ್ರತಿ ತುಂಡಿಗೂ ಅಂಕ ಸಿಗುತ್ತದೆ.

ಸಿಟ್ಟು ಬರಿಸುವ ಸಂಗತಿಗಳೂ ಇವೆ. ಇಳಿಜಾರಿನಲ್ಲಿ ಭಾರ ಹೊತ್ತು ನಡೆದರೆ ಕಾಲು, ಕೈ ಉಳುಕುವುದು ಸರಿ, ಆದರೆ ಮಣಿಕಟ್ಟು ಉಳುಕಿದ ಕ್ಷಣದಲ್ಲೇ ತೋಳ ಬಂದರೆ ಬಿಲ್ಲು ಎತ್ತಲೂ ಆಗದು. ಎಚ್ಚರಿಕೆಯ ಗುರುತು ಕಂಡ ತಕ್ಷಣ ನಿಧಾನವಾಗುವುದೊಂದೇ ಉಪಾಯ. ಮನೆಯೊಳಗೆ ಹೆಚ್ಚು ದಿನ ಕಳೆದರೆ ಬರುವ ಕ್ಯಾಬಿನ್ ಫೀವರ್ ತರ್ಕಕ್ಕಿಂತ ಶಿಕ್ಷೆಯಂತೆ ಕಾಣುತ್ತದೆ; ಗುಹೆಯ ಬಾಯಿ ಹತ್ತಿರ ಕೂತು ಚರ್ಮ ಹೊಲಿದರೆ ಅದು ತಪ್ಪುತ್ತದೆ. ಚಳಿಗೆ ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಆದರೆ ಕಂಡೀಷನ್ ಮಿತಿಯಲ್ಲಿ ಹತ್ತು ಶಾಶ್ವತವಾಗಿ ಹೋಗುತ್ತದೆ. ಒಳ್ಳೆಯ ಕೋಟು ಹಾಕಿ ಬರಿಗೈಯಲ್ಲಿ ತಿರುಗುವವರಿಗೆ ಈ ಪಾಠ ದುಬಾರಿ. ಸಾಮಾನಿನ ಪಟ್ಟಿಯ ಸ್ಕ್ರೀನ್ ಇಷ್ಟು ವರ್ಷವಾದರೂ ಗೋಜಲು.

ಇಂಟರ್‌ಲೋಪರ್‌ಗಿಂತ ಕಠಿಣವಾದ ಮಿಸರಿ ಆಮೇಲೆ ಬಂದಿದೆ, ಅದು ಹಠಮಾರಿಗಳಿಗೆ. ಕಲಿಯಬೇಕೆನ್ನುವವರಿಗೆ, ಆಯ್ಕೆಗಳನ್ನು ನಾವೇ ಹೊಂದಿಸಿಕೊಳ್ಳುವ ಕಸ್ಟಮ್ ಮೋಡೇ ಸರಿ. ಅದರಲ್ಲಿ ಮೂಲ ಸಂಪನ್ಮೂಲದ ಆಯ್ಕೆಯನ್ನು ಲೋ ಮಾಡಿದರೆ ಸಾಮಾನು ಕಡಿಮೆಯಾಗುವುದಷ್ಟೇ ಅಲ್ಲ, ಇಂಟರ್‌ಲೋಪರ್‌ನ ಪಟ್ಟಿಯೇ ಜಾರಿಗೆ ಬರುತ್ತದೆ: ಚಾಕು, ಕೊಡಲಿ, ಬಂದೂಕು ಮಾಯ. ಅದನ್ನು ಲೋ ಇಟ್ಟು, ಚಳಿ ಮತ್ತು ತೋಳಗಳ ಸಂಖ್ಯೆಯನ್ನು ವೊಯೇಜರ್ ಮಟ್ಟದಲ್ಲಿ ಬಿಡಿ, ಶುರುವಾಗುವ ಜಾಗ ಮಿಸ್ಟರಿ ಲೇಕ್ ಆರಿಸಿ. ಸರೋವರದ ದಡದ ಕ್ಯಾಂಪ್ ಆಫೀಸಿನಲ್ಲಿ ಒಲೆ, ಹಾಸಿಗೆ, ವರ್ಕ್‌ಬೆಂಚ್ ಮೂರೂ ಇವೆ, ಎದುರಿಗೇ ಮೀನು ಹಿಡಿಯುವ ಗುಡಿಸಲು. ಅಲ್ಲಿಂದ ಸ್ಪೆನ್ಸ್ ಮನೆಗೆ ಹೋಗಿ ಕೊಡಲಿ ಮಾಡಿಕೊಂಡು ಬದುಕಿ ವಾಪಸ್ ಬರುವವರೆಗೆ ಇದನ್ನೇ ಆಡಿ, ಆಮೇಲೆ ಚಳಿಯನ್ನೊಂದೇ ಏರಿಸಿ, ತೋಳಗಳನ್ನು ಕೊನೆಗಿಡಿ. ಈ ಸೆಟ್ಟಿಂಗ್‌ಗೆ ಗೇಮೇ ಒಂದು ಕೋಡ್ ಕೊಡುತ್ತದೆ, ಬರೆದಿಟ್ಟುಕೊಳ್ಳಿ. ಸತ್ತಾಗ ಮತ್ತೆ ಒಂದೊಂದೇ ಆಯ್ಕೆ ಒತ್ತುವ ಕಷ್ಟ ಇರುವುದಿಲ್ಲ.