ಒಂದು ಮೀಟರ್ ತಂತಿಗೆ ಎರಡು ಲಕ್ಷ
ಇಂದಿರಾನಗರದ ಈ ಆಡಿಯೋ ಮಳಿಗೆಯ ಕೇಳುವ ಕೋಣೆಗೆ ಪೂರ್ಣ ಅಂಕ: ದಪ್ಪ ಜಮಖಾನ, ಗೋಡೆಗೆ ಶಬ್ದ ಹೀರುವ ಹಲಗೆ, ಹೊರಗಿನ ಹಾರ್ನ್ ಒಳಗೆ ಸುಳಿಯುವುದಿಲ್ಲ. ದೊಡ್ಡ ಸ್ಪೀಕರ್‌ಗಳಲ್ಲಿ ಮೃದಂಗದ ಗುಮ್ಕಿ ಎದೆಗೇ ತಾಗಿದಾಗ ನಾನೂ ತಲೆದೂಗಿದೆ.

ತಕರಾರು ಇರುವುದು ತಂತಿಯದು. ಒಂದು ಮೀಟರ್ ಡಿಜಿಟಲ್ ಕೇಬಲ್‌ಗೆ ಎರಡು ಲಕ್ಷ! ಸಿಡಿಯಲ್ಲಿರುವುದು ಸೆಕೆಂಡಿಗೆ ಧ್ವನಿಯ 44,100 ಮಾದರಿಗಳು, ಒಂದೊಂದಕ್ಕೆ 16 ಬಿಟ್, ಅಂದರೆ ಬರೀ ಸೊನ್ನೆ-ಒಂದುಗಳ ಸಾಲು. ಸರಿಯಾಗಿ ತಲುಪಿದ ಸೊನ್ನೆಗೆ ಬೆಳ್ಳಿ ತಂತಿಯಿಂದ ಮೆರುಗೇನೂ ಬರುವುದಿಲ್ಲ. ಪಕ್ಕದಲ್ಲಿದ್ದ ಎಪ್ಪತ್ತರ ಹಿರಿಯರೊಬ್ಬರು ‘ಮೇಲಿನ ನಾದ ಬಿಚ್ಚಿಕೊಂಡಿತು’ ಎಂದು ಕಾರ್ಡ್ ತೆಗೆದರು. ಆ ವಯಸ್ಸಿನಲ್ಲಿ 12,000 ಹರ್ಟ್ಸ್ ದಾಟಿದ ಏರು ಸ್ವರ ಹೆಚ್ಚಿನವರಿಗೆ ಕೇಳಿಸುವುದೇ ಕಷ್ಟ. ಯಾವುದೆಂದು ಹೇಳದೆ ಕೇಬಲ್ ಬದಲಿಸಿ ಕೇಳಿಸಿ ಎಂದೆ. ಮಾರಾಟದ ಹುಡುಗ ಕಾಫಿ ತರಿಸಿದ. ಕಾಫಿ ಚೆನ್ನಾಗಿತ್ತು.

ಸ್ಪೀಕರ್ ಬೇಕಾದವರು ಧಾರಾಳವಾಗಿ ಹೋಗಿ. ತಂತಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಪೇಟೆ ಸಾಕು.